ಶಾಲೆಯ ಗೋಡೆ ಪತ್ರಿಕೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಯಾವ ಶಾಲೆಗೆ ಹೋದರೂ ನಾನು ಮೊದಲು ಹುಡುಕುವುದು ಗೋಡೆ ಪತ್ರಿಕೆಯನ್ನು. ಒಂದು ಡ್ರಾಯಿಂಗ್ ಶೀಟು, ನಾಲ್ಕಾರು ಸ್ಕೆಚ್ ಪೆನ್ನು, ಒಂದಿಷ್ಟು ಗೋಂದು; ಖರ್ಚು ಅಷ್ಟೇ. ಪೆನ್ಸಿಲ್ಲಿನಲ್ಲಿ ಎಳೆದ ತೆಳುಗೆರೆಯ ಮೇಲೆ ದುಂಡಗೆ ಹೊರಟ ಅಕ್ಷರಗಳು ಬಲತುದಿಗೆ ಬರುವಾಗ ಜಾಗ ಸಾಲದೆ ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ. ನನಗೆ ಆ ತುದಿಯೇ ಇಷ್ಟ.

ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಮಕ್ಕಳ ಸಂತೆ, ಎಲ್ಲವೂ ಅಲ್ಲಿ ಸುದ್ದಿ. ಪ್ರವಾಸದ ಬರಹ ಮಾತ್ರ ಎಲ್ಲಕ್ಕಿಂತ ಸೊಗಸು. ಶ್ರವಣಬೆಳಗೊಳ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ. ಗೊಮ್ಮಟನ 58 ಅಡಿ ಎತ್ತರ, ಮಾಡಿಸಿದ ಚಾವುಂಡರಾಯ, 10ನೇ ಶತಮಾನ, ಇವನ್ನು ಪಾಠವೇ ಹೇಳುತ್ತದೆ. ಮಗು ಬರೆಯುವುದು ಬಿಸಿಲಿಗೆ ಕಾದ ಬಂಡೆಯ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿದ್ದನ್ನು, ಕೆಳಗಿಳಿದು ಗೆಳತಿಯ ಬುತ್ತಿಯ ಚಿತ್ರಾನ್ನ ಹಂಚಿಕೊಂಡದ್ದನ್ನು. ಗೊರೂರಿನ ಹೇಮಾವತಿ ಅಣೆಕಟ್ಟೆಗೆ ಹೋಗಿಬಂದವರೂ ಟಿಎಂಸಿ ಲೆಕ್ಕ ಬಿಟ್ಟು, ಗೇಟಿನಿಂದ ಧುಮುಕಿದ ನೀರಿನ ತುಂತುರು ಮುಖಕ್ಕೆ ಹಾರಿದ್ದನ್ನೇ ಬರೆಯುತ್ತಾರೆ.

ಕಾಗುಣಿತ ತಿದ್ದಿ, ವಾಕ್ಯವನ್ನು ಮಗುವಿಗೇ ಬಿಡುವ ಮೇಷ್ಟ್ರು ಸಿಕ್ಕರೆ ಪತ್ರಿಕೆ ಗೆದ್ದಂತೆ. ಹಳ್ಳಿಯ ಮಾತಿಗೆ ಕನ್ನಡ ಗದ್ಯದಲ್ಲಿ ಮರ್ಯಾದೆ ತಂದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇದೇ ಹಾಸನ ಜಿಲ್ಲೆಯವರಲ್ಲವೇ! ಹೊಸ ಹಾಳೆ ಅಂಟಿಸುವಾಗ ಹಳೆಯದನ್ನು ಎಸೆಯದೆ ಸುತ್ತಿ ಬೀರುವಿನಲ್ಲಿ ಇಡುವ ಶಾಲೆಗಳೆಂದರೆ ನನಗೆ ತುಂಬ ಗೌರವ.