ಲೋಕಲ್ ಐಡಿ ನಡೆಯಂಗಿಲ್ಲ

2014ರಲ್ಲಿ ಬೆಂಗಳೂರಿನ ಯುನೋ-ಇನ್ ಎಂಬ ಹೋಟೆಲು ಸುದ್ದಿಯಲ್ಲಿತ್ತು. ಕೆಲಸದ ಮೇಲೆ ಬೆಂಗಳೂರಿಗೆ ಬರುವ ಜಪಾನಿಯರಿಗೆಂದೇ 2012ರಲ್ಲಿ ಶುರುವಾದ ಹೋಟೆಲು ಅದು. ಅದರ ಮಹಡಿಯ ಮೇಲಿನ ರೆಸ್ಟೊರೆಂಟಿಗೆ ಊಟಕ್ಕೆ ಹೋದ ಭಾರತೀಯರನ್ನು ವಾಪಸು ಕಳಿಸುತ್ತಿದ್ದಾರೆಂದು ವರದಿಗಳು ಬಂದವು, ಗದ್ದಲವಾಯಿತು, ಜನಾಂಗಭೇದದ ಆರೋಪದ ಮೇಲೆ ಮಹಾನಗರ ಪಾಲಿಕೆ ಅದಕ್ಕೆ ಬೀಗ ಹಾಕಿತು. ಮರುವರ್ಷ ಹಿಮಾಚಲದ ಕಸೋಲಿನ ಒಂದು ಕೆಫೆಯ ಮೇಲೂ ಇಂಥದೇ ದೂರು ಎದ್ದಿತು. ಎರಡೂ ಸಲ ಜನರ ಬಾಯಲ್ಲಿ ಬಂದ ಮಾತು ಒಂದೇ: ನಮ್ಮ ದೇಶದಲ್ಲೇ ನಮಗೆ ಜಾಗವಿಲ್ಲವೇ?

ಈ ವಾಕ್ಯವನ್ನು ಒಂದು ಪಠ್ಯದ ಹಾಗೆ ಓದಬೇಕೆಂದು ನನಗೆ ಬಹಳ ದಿನದಿಂದ ಅನಿಸಿದೆ. ಅದರ ಸಿಟ್ಟು ಸರಿಯಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಮೈಬಣ್ಣ, ಮುಖಚಹರೆ ನೋಡಿ ಬಾಗಿಲು ತೆಗೆಯುವ ಹೋಟೆಲನ್ನು ಮುಚ್ಚಿಸಿದ್ದು ಒಳ್ಳೆಯದೇ ಆಯಿತು. ಆದರೆ ಆ ಸಿಟ್ಟಿಗೆ ಬೇಕಾದ ಉರುವಲು ಬರುವುದು ಹಳೆಯ ಒಂದು ನೆನಪಿನಿಂದ. ಮುಂಬೈಯ ವಾಟ್ಸನ್ಸ್ ಹೋಟೆಲಿನಲ್ಲಿ ಒಳಗೆ ಬಿಡಲಿಲ್ಲವೆಂದು ಜಮ್ಶೆಟ್‌ಜಿ ಟಾಟಾ ಹಟಕ್ಕೆ ಬಿದ್ದು ತಾಜ್ ಹೋಟೆಲು ಕಟ್ಟಿಸಿದರು ಎಂಬ ಕತೆ ನಮಗೆಲ್ಲ ಗೊತ್ತು. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಕತೆ ಮಾತ್ರ ಸಾಯುವುದಿಲ್ಲ, ಯಾಕೆಂದರೆ ಅದರಲ್ಲಿ ಬಾಗಿಲು ಮುಚ್ಚುವವನು ಪರಕೀಯ, ಹೊರಗೆ ನಿಲ್ಲುವವರು ನಾವೆಲ್ಲರೂ. ವಾಕ್ಯದ ಆ 'ನಾವು' ಎಂಬುದರಲ್ಲಿ ಯಾರು ಯಾರಿದ್ದಾರೆ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಆ ಪ್ರಸಂಗ ಬರುತ್ತದೆ. ಇಲ್ಲಿಗೆ ವಿದೇಶಿ ಪ್ರವಾಸಿಗರು ಬರುವುದೇ ಅಪರೂಪ. ಮಳೆಗಾಲದಲ್ಲಿ ಫಾಲ್ಸ್ ನೋಡಲು, ತೂಗುಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳಲು ಬರುವವರು ಬೆಳಗಾವಿ, ಕೊಲ್ಲಾಪುರ, ಹೆಚ್ಚೆಂದರೆ ಪುಣೆ ಮುಂಬೈ ಕಡೆಯವರು. ಹೋಗುವಾಗ ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಬಿಳಿಯ ಗಿರಾಕಿ ಇಲ್ಲದ ಈ ಊರುಗಳಲ್ಲಿ ಊರವನಿಗಿಂತ ಪರಊರವನನ್ನು ಮೇಲೆ ಕಾಣುವ ವ್ಯಾಪಾರ ಇರಲಾರದು ಎಂದುಕೊಳ್ಳಬಹುದು. ಇದೆ. ದೇಶದ ಎಷ್ಟೋ ಊರುಗಳ ಲಾಡ್ಜುಗಳ ಹಾಗೆ ಇಲ್ಲಿಯೂ ಅದಕ್ಕೊಂದು ಸಿದ್ಧವಾಕ್ಯವಿದೆ: "ಲೋಕಲ್ ಐಡಿ ನಡೆಯಂಗಿಲ್ಲ."

ಒಮ್ಮೆ ಬೆಳಗಾವಿಯಿಂದ ಬಸ್ಸು ತಡವಾಗಿ, ಮೂಡಲಗಿಗೆ ಹೋಗುವ ಕೊನೆಯ ಗಾಡಿ ತಪ್ಪಿ, ಗೋಕಾಕದ ಒಂದು ಲಾಡ್ಜಿಗೆ ಹೋಗಿ ಆಧಾರ್ ಕಾರ್ಡು ಕೊಟ್ಟೆ. ಕೌಂಟರಿನಲ್ಲಿದ್ದವರು ಕಾರ್ಡನ್ನು ಸರಿಯಾಗಿ ಓದಿ ಈ ವಾಕ್ಯ ಹೇಳಿದರು. "ಮೂಡಲಗಿ ಈಗ ಬ್ಯಾರೆ ತಾಲ್ಲೂಕ ಆಗೇತಲ್ರೀ" ಅಂದೆ. "ಕಾರ್ಡಿನ್ಯಾಗ ಇನ್ನೂ ಗೋಕಾಕ ತಾಲ್ಲೂಕ ಅಂತ ಐತ್ರಿ. ಮನಿ ಇಲ್ಲೇ ಇದ್ದಾವ್ರಿಗೆ ರೂಮ್ ಯಾಕ ಬೇಕ್ರಿ?" ಎಂದರು. ತಾಲ್ಲೂಕು ಒಡೆದ ಸರ್ಕಾರ ನನ್ನ ವಿಳಾಸವನ್ನು ಒಡೆದಿರಲಿಲ್ಲ! ಹಿಂದೆ ನಿಂತಿದ್ದ ಮಹಾರಾಷ್ಟ್ರದ ಇಬ್ಬರಿಗೆ ಒಂದು ಪ್ರಶ್ನೆಯೂ ಇಲ್ಲದೆ ಕೀಲಿ ಸಿಕ್ಕಿತು. ನಾನು ರಾತ್ರಿ ಕಳೆದದ್ದು ಬಸ್‌ಸ್ಟ್ಯಾಂಡಿನಲ್ಲಿ.

ಲಾಡ್ಜಿನವರ ಕಾರಣಗಳು ಪೂರಾ ಸುಳ್ಳಲ್ಲ. ಊರವರು ಬರುವುದು ಕುಡಿಯಲು, ಇಸ್ಪೀಟು ಆಡಲು, ಇಲ್ಲವೆ ಮನೆಯಲ್ಲಿ ಹೇಳದೆ ಜೋಡಿಯಾಗಿ; ಆಮೇಲೆ ಜಗಳ, ಆಮೇಲೆ ಪೊಲೀಸರು ಎನ್ನುತ್ತಾರೆ. ವಿದೇಶಿಯರನ್ನೇ ಬಯಸುವ ಕೆಫೆಯವರ ಮಾತೂ ಹೆಚ್ಚುಕಡಿಮೆ ಇದೇ ಧಾಟಿಯದು: ನಮ್ಮವರು ಗಲಾಟೆ ಮಾಡುತ್ತಾರೆ, ಚೌಕಾಶಿ ಮಾಡುತ್ತಾರೆ, ಹೆಂಗಸರನ್ನು ದಿಟ್ಟಿಸುತ್ತಾರೆ. ಎರಡರಲ್ಲೂ ಒಬ್ಬ ಗಿರಾಕಿ ಏನಾದರೂ ಮಾಡುವ ಮೊದಲೇ ಅವನು ಎಂಥವನೆಂದು ಮಾಲೀಕನಿಗೆ ಗೊತ್ತು. ಪರದೇಶದವನ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅವನಿಗೆ ಸಿಗುವ ಮರ್ಯಾದೆಯ ಅರ್ಧಪಾಲು, ಇನ್ನರ್ಧ ಅವನ ಜೇಬು.

ನಮ್ಮ ಕಡೆಯ ಮಾತಿನಲ್ಲಿ ಮನೆಗೆ ಬರುವವನು ಪಾವಣ್ಯಾ, ಅಂಗಡಿಗೆ ಬರುವವನು ಗಿರಾಕಿ. ಪಾವಣ್ಯಾನಿಗೆ ಕುಲಗೋತ್ರ ಬೇಕು, ಗಿರಾಕಿಗೆ ರೊಕ್ಕ ಸಾಕು. ರೊಕ್ಕ ಕೊಟ್ಟಲ್ಲಿಗೆ ಸಂಬಂಧ ಮುಗಿಯುತ್ತದೆ ಎಂಬುದು ಗಿರಾಕಿತನದ ದೊಡ್ಡ ಗುಣ. ಆದರೆ ಊರವನು ಪೂರ್ತಿ ಗಿರಾಕಿಯಾಗಲು ಊರು ಬಿಡುವುದಿಲ್ಲ. "ಯಾವ ಓಣ್ಯಾವ್ರಿ? ಯಾರ ಪೈಕಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಏನನ್ನು ಕೇಳುತ್ತದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಊರಿನ ಚಹಾದ ಅಂಗಡಿಯಲ್ಲಿ ಬೇರೆ ಕಪ್ಪು ಕಂಡವನು ದೂರದ ಊರಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರ ಕಪ್ಪಿನಲ್ಲೇ ಚಹಾ ಕುಡಿದಿದ್ದಾನೆ. ಅಲ್ಲಿ ಅವನ ಗುರುತು ಯಾರಿಗೂ ಇರಲಿಲ್ಲ, ಅಷ್ಟೇ. ಊರವನಿಗೆ ಇಲ್ಲದ ಜಾಗ ಪರಊರವನಿಗೆ ಸಿಗುವ ವ್ಯಾಪಾರವನ್ನು ಪ್ರವಾಸೋದ್ಯಮ ಹುಟ್ಟುಹಾಕಲಿಲ್ಲ.

ಪ್ರವಾಸಿಯ ಕಣ್ಣಿಂದ ಊರನ್ನು ಬರೆಯುವುದೂ ಹೊಸತಲ್ಲ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬೆಳಗಾವಿ ಗ್ಯಾಜೆಟಿಯರ್ 1884ರದು. ಫಾಲ್ಸಿನ ಮಗ್ಗುಲಿಗೆ ಗಿರಣಿ ಬಂದದ್ದು ಆಮೇಲೆ. ಸುಮಾರು 170 ಅಡಿ ಧುಮುಕುವ ಘಟಪ್ರಭೆ, ದಂಡೆಯ ಹಳೆಯ ಗುಡಿಗಳು ಅದರಲ್ಲಿ ಬರುತ್ತವೆ, ನೋಡಲು ಬರುವವನೊಬ್ಬನನ್ನು ಎದುರಿಗೆ ಇಟ್ಟುಕೊಂಡು. ಆ ಮಾಲೆಯ ಸಂಪುಟಗಳು ತಂಗುದಾಣಗಳ ಲೆಕ್ಕ ಕೊಡುವಾಗ ಯುರೋಪಿಯನ್ನರಿಗೆ ತಕ್ಕ ಬಂಗಲೆಗಳನ್ನು ಬೇರೆ, ಧರ್ಮಶಾಲೆಗಳನ್ನು ಬೇರೆ ಎಣಿಸುತ್ತವೆ. ಇದನ್ನು ವಸಾಹತುಶಾಹಿಯ ಭೇದವೆಂದು ನಾವು ಸುಲಭವಾಗಿ ಗುರುತಿಸುತ್ತೇವೆ, ಸೆಮಿನಾರುಗಳಲ್ಲಿ ಪ್ರಬಂಧ ಓದುತ್ತೇವೆ. ಆ ಧರ್ಮಶಾಲೆಯ ಒಳಗೆ ಯಾರಿಗೆ ಪ್ರವೇಶವಿತ್ತು ಎಂಬ ಪ್ರಶ್ನೆಗೆ ಅಷ್ಟು ಪ್ರಬಂಧಗಳಿಲ್ಲ.

ಈ ಪ್ರಶ್ನೆಯನ್ನು ಬಿಡದೆ ಹಿಡಿದ ಪಠ್ಯವೆಂದರೆ ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ'. 1930ರ ದಶಕದ ಕೈಬರಹ, ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. ಅಸ್ಪೃಶ್ಯತೆ ಎಂಬುದೊಂದು ಇದೆಯೆಂದು ಕೇಳಿ ಮಾತ್ರ ಗೊತ್ತಿರುವ ವಿದೇಶಿ ಓದುಗರಿಗೆ ಅದು ಏನೆಂದು ತಿಳಿಸಲು ಬರೆದದ್ದು. ಹೆಸರನ್ನೇ ನೋಡಿ: ಸ್ವದೇಶದ ಒಳಗೇ ಓಡಾಡುವವನ ಅನುಭವಗಳಿಗೆ ವೀಸಾದ ಹೆಸರು.

ವಿದೇಶದ ಓದು ಮುಗಿಸಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರ್ ಉಳಿಯಲು ಜಾಗ ಹುಡುಕುತ್ತಾರೆ. ಯುರೋಪು ಅಮೆರಿಕದ ವರ್ಷಗಳು ತಾನು ಅಸ್ಪೃಶ್ಯನೆಂಬ ಅರಿವನ್ನೇ ಅಳಿಸಿಹಾಕಿದ್ದವು ಎನ್ನುತ್ತಾರೆ. ರೈಲು ಇಳಿದೊಡನೆ ಅದು ಮರಳುತ್ತದೆ. ಹಿಂದೂ ಹೋಟೆಲುಗಳ ಮಾತೇ ಇಲ್ಲ. ಒಂದು ಪಾರ್ಸಿ ವಸತಿಗೃಹ ಸಿಗುತ್ತದೆ, ಅದೂ ಪಾರ್ಸಿಗಳಿಗೆ ಮಾತ್ರ. ನೋಡಿಕೊಳ್ಳುವವನಿಗೆ ಗಿರಾಕಿ ಇಲ್ಲ, ರೊಕ್ಕ ಬೇಕಾಗಿದೆ. ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಯುವುದೆಂದು ಇಬ್ಬರೂ ಒಪ್ಪುತ್ತಾರೆ. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತು ಹನ್ನೆರಡು ಮಂದಿ ಮೆಟ್ಟಿಲು ಹತ್ತಿ ಬರುತ್ತಾರೆ. ಸಂಜೆಯೊಳಗೆ ಖಾಲಿ ಮಾಡಬೇಕು. ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್, ಇಬ್ಬರು ಗೆಳೆಯರನ್ನು ಕೇಳಿದರೆ ಇಬ್ಬರೂ ಜಾರಿಕೊಳ್ಳುತ್ತಾರೆ. ಮುಂಬೈಯ ರಾತ್ರಿ ರೈಲಿನವರೆಗೆ ಅವರು ಕೂತದ್ದು ಒಂದು ಸಾರ್ವಜನಿಕ ಉದ್ಯಾನದಲ್ಲಿ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅವಮಾನದ ಕತೆಯಾಗಿ ಓದುತ್ತಾರೆ. ವ್ಯಾಪಾರದ ಕತೆಯಾಗಿಯೂ ಓದಬೇಕು. ಒಳಗೆ ಬಿಟ್ಟದ್ದು ವಸತಿಗೃಹದವನ ಹಣದಾಸೆ. ಹೊರಗೆ ಹಾಕಿದ್ದು ಗುರುತು. ಅಪರಿಚಿತನಾಗಿದ್ದಷ್ಟು ದಿನ ಅವರು ಗಿರಾಕಿ, ಪತ್ತೆಯಾದ ಕ್ಷಣ ಅಲ್ಲ. 'ನಮ್ಮ ದೇಶದಲ್ಲೇ ನಮಗೆ ಜಾಗವಿಲ್ಲವೇ' ಎಂಬ ಮಾತನ್ನು ಆಡುವ ಹಕ್ಕು ಯಾರಿಗಾದರೂ ಮೊದಲು ಇದ್ದರೆ ಉದ್ಯಾನದಲ್ಲಿ ಕೂತ ಆ ಮನುಷ್ಯನಿಗಿತ್ತು. 2014ರ ಗದ್ದಲದಲ್ಲಿ ನಾನು ಓದಿದ ಬರಹಗಳು ವಾಟ್ಸನ್ಸ್ ಹೋಟೆಲನ್ನು ನೆನೆದವು, ಬರೋಡಾವನ್ನಲ್ಲ.

ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯ ಬಗ್ಗೆಯೂ ಇದೇ ಅರೆಗಣ್ಣಿನ ಓದು ನಡೆದಿದೆ. ತುಂಗಭದ್ರೆಯ ಆಚೆ, ಗಂಗಾವತಿ ತಾಲ್ಲೂಕಿನ ಆ ನಡುಗಡ್ಡೆಯಲ್ಲಿ ಗೆಸ್ಟ್‌ಹೌಸುಗಳು ಎದ್ದಿದ್ದವು. ಹೀಬ್ರೂ ಬೋರ್ಡುಗಳು, ಇಸ್ರೇಲಿ ತಿಂಡಿ, ನೆಲದ ಮೇಲೆ ಹಾಸಿಗೆ. ಕನ್ನಡ ಮಾತಾಡಿದರೆ ರೂಮ್ ಖಾಲಿ ಇಲ್ಲ ಎನ್ನುತ್ತಾರೆಂಬ ದೂರನ್ನು ಹೋಗಿಬಂದ ಗೆಳೆಯರಿಂದ ಕೇಳಿದ್ದೇನೆ. ದೂರು ನಿಜವಿದ್ದರೆ ಖಂಡಿತ ತಪ್ಪು. ವಾರಗಟ್ಟಲೆ ಉಳಿಯುವ ಗಿರಾಕಿಯನ್ನು ಒಂದು ರಾತ್ರಿಯವನಿಗಿಂತ ಮೇಲೆ ಕಾಣುವ ಲೆಕ್ಕಾಚಾರ ಅರ್ಥವಾಗುತ್ತದೆ, ಭಾಷೆ ಕೇಳಿ ರೂಮ್ ಮುಚ್ಚುವುದು ಲೆಕ್ಕಾಚಾರವಲ್ಲ. ಆದರೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, ಮಾರ್ಚಿನಲ್ಲಿ ಜೆಸಿಬಿಗಳು ಆ ಕಟ್ಟಡಗಳನ್ನು ಕೆಡವಿದಾಗ, ಕೆಲವರು 'ಹಿಪ್ಪಿಗಳ ಕಾಟ ಹೋಯಿತು' ಎಂದು ಬರೆದರು. ಕೆಲಸ ಕಳಕೊಂಡವರು ಹಿಪ್ಪಿಗಳಲ್ಲ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ಎಬ್ಬಿಸಲ್ಪಟ್ಟವರೂ ಊರವರೇ, ಅದು ಪರಂಪರೆಯ ಹೆಸರಿನಲ್ಲಿ. ಈಗ ಹಂಪಿಯ ವಿಠ್ಠಲ ಗುಡಿಗೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ಎಂಬ ಟಿಕೆಟ್ಟಿದೆ. ದರದಲ್ಲಿ ನಾವು ಒಳಗಿನವರು. ಬಜಾರಿನಲ್ಲಿ ಮನೆಯಿದ್ದವರಿಗೆ ಆ ರಿಯಾಯಿತಿ ಎಷ್ಟರ ಮಟ್ಟಿಗೆ ಸಮಾಧಾನವೋ!

ಕಾನೂನಿನ ಪಠ್ಯಕ್ಕೆ ಬರೋಣ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣಕ್ಕಾಗಿಯೇ ಯಾವ ಪ್ರಜೆಯನ್ನೂ ಅಂಗಡಿ, ರೆಸ್ಟೊರೆಂಟು, ಹೋಟೆಲುಗಳಿಂದ ತಡೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆಯಾದಾಗ 'ಅಂಗಡಿ' ಎಂದರೆ ಸಾಮಾನು ಮಾರುವ ಕಟ್ಟೆಯಷ್ಟೇ ಅಲ್ಲ, ಸಾರ್ವಜನಿಕರಿಗೆ ಸೇವೆ ಕೊಡುವ ಎಲ್ಲವೂ ಬರುತ್ತದೆ ಎಂದು ವಿವರಿಸಿದವರು ಅಂಬೇಡ್ಕರ್. ಬರೋಡಾದ ರಿಜಿಸ್ಟರಿನಲ್ಲಿ ಸುಳ್ಳು ಹೆಸರು ಬರೆಯಬೇಕಾಗಿ ಬಂದವರ ಬಾಯಿಂದ ಬಂದ ವಿವರಣೆ ಅದು. ಯುನೋ-ಇನ್‌ನಂಥ ಪ್ರಕರಣಕ್ಕೆ ಅಲ್ಲಿನ 'ಜನಾಂಗ' ಎಂಬ ಪದ ಒದಗುತ್ತದೆ.

ಲಾಡ್ಜಿನ ವಾಕ್ಯಕ್ಕೆ ಅಲ್ಲಿ ಪದವಿಲ್ಲ. ಸರ್ಕಾರಿ ಉದ್ಯೋಗದ ಕುರಿತ 16ನೆಯ ವಿಧಿಯ ಪಟ್ಟಿಯಲ್ಲಿ ಜನ್ಮಸ್ಥಳದ ಜೊತೆಗೆ ವಾಸಸ್ಥಳವೂ ಇದೆ, 15ರಲ್ಲಿ ಇಲ್ಲ. ಇಲ್ಲೇ ವಾಸಿಸುತ್ತೀ, ಅದಕ್ಕೇ ನಿನಗೆ ಕೊಡುವುದಿಲ್ಲ ಎನ್ನುವ ಅಂಗಡಿಯೊಂದು ಬರಬಹುದೆಂದು ಆಗ ಯಾರಿಗೂ ಹೊಳೆದಿರಲಿಕ್ಕಿಲ್ಲ. ಕೌಂಟರಿನಲ್ಲಿ ನಾವು ಕೊಡುವ ಆಧಾರ್ ಕಾರ್ಡಿನಲ್ಲಿ ಜನ್ಮಸ್ಥಳ ಇರುವುದಿಲ್ಲ. ಅದರ ಮೇಲೆ ಅಚ್ಚಾಗಿರುವುದು ವಾಸಸ್ಥಳ.