ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಹಂದಿ ಯಾಕಿಲ್ಲ?

ಇತಿಹಾಸದ ಪಾಠಕ್ಕೆ ಜಗಳವಾಗುತ್ತೆ, ಪದ್ಯ ಕೈಬಿಟ್ಟರೆ ಜಗಳವಾಗುತ್ತೆ. ಚಿತ್ರ ಬರೆಸುವ ತರಗತಿಯ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಅದೊಂದು ನಿರುಪದ್ರವಿ ಪೀರಿಯಡ್ಡು, ಮಕ್ಕಳು ಗಲಾಟೆ ಮಾಡದೆ ಕೂತರೆ ಸಾಕು ಎಂಬ ಭಾವನೆ. ನಾವು ಇದನ್ನು ಒಪ್ಪುವುದಿಲ್ಲ. ಯಾವ ಪ್ರಾಣಿ ಹಾಳೆಯ ಮೇಲೆ ಬರಲು ಯೋಗ್ಯ, ಯಾವುದು ಅಲ್ಲ ಎಂಬ ತೀರ್ಪನ್ನು ಮಗು ಮೊದಲು ಕೇಳುವುದು ಅಲ್ಲೇ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿ ಶಾಲೆಗಳಲ್ಲಿ ನಾವು ಕಂಡದ್ದು ಇಷ್ಟು. 2 ಅಂಕಿ ಬರೆದು ಕೊಕ್ಕು ಹಚ್ಚಿದರೆ ಬಾತುಕೋಳಿ. ದೊಡ್ಡ ಸೊನ್ನೆಯ ಮೇಲೆ ಸಣ್ಣ ಸೊನ್ನೆ ಇಟ್ಟು ಎರಡು ಕಿವಿ ಎಳೆದರೆ ಮೊಲ. ಆಮೇಲೆ ಸಿಂಹ, ಜಿಂಕೆ, ನವಿಲು, ಕೊರಳಿಗೆ ಗಂಟೆ ಕಟ್ಟಿದ ಬಿಳೀ ಹಸು. ಬೋರ್ಡಿನ ಮೇಲಿದ್ದದ್ದು ಹಾಗೇ ಹಾಳೆಗೆ ಇಳಿದರೆ 'ಗುಡ್'. ಎಮ್ಮೆ ಇಲ್ಲ, ಕತ್ತೆ ಇಲ್ಲ. ಹಂದಿ ಬಂದರೂ ಅದು ಪೇಟೆ ಪುಸ್ತಕದ ಗುಲಾಬಿ ಬಣ್ಣದ ಹಂದಿ. ಬೆನ್ನ ಮೇಲೆ ಕೂದಲು ಸೆಟೆದು ನಿಂತ ನಮ್ಮ ಕೇರಿಯ ಕರಿ ಹಂದಿಯಲ್ಲ. ಊರೊಳಗೆ ಮನುಷ್ಯರ ನಡುವೆ ಇದ್ದ ಮೇಲುಕೀಳು ಹಾಳೆಯ ಮೇಲೆ ಪ್ರಾಣಿಗಳಿಗೂ ಬಂತು. ಹಂದಿ ಸಾಕುವ ಮನೆಯ ಮಗು ತನ್ನ ಮನೆಯ ಪ್ರಾಣಿಯ ಹೆಸರೆತ್ತಲು ನಾಚುವುದು ಇಲ್ಲಿಂದಲೇ ಶುರು.

ಮೇಷ್ಟ್ರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ, ಗಣಿತದ ಮೇಷ್ಟ್ರೇ ಬಣ್ಣದ ಸೀಮೆಸುಣ್ಣ ಹಿಡಿಯಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಕಾಲದಲ್ಲೇ ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಲಿ ಎಂಬ ಶಿಫಾರಸು ಬಂತು. ಹಳ್ಳಿ ಶಾಲೆಯ ಮಟ್ಟಿಗೆ ಅದು ಕಾಗದದಲ್ಲೇ ಉಳಿಯಿತು. ಆದರೆ ನಮ್ಮ ತಕರಾರು ಬರೀ ಹುದ್ದೆಗಳದ್ದಲ್ಲ, ಕಲಿಸುವ ರೀತಿಯದ್ದು.

ಹಿರಿಯೂರು ಕಡೆಯ ಗೊಲ್ಲರಹಟ್ಟಿಯ ಎಂಟು ವರ್ಷದ ಹುಡುಗನನ್ನು ಕೇಳಿ ನೋಡಿ. ಮೇಕೆಯ ಬಾಲ ಮೇಲಕ್ಕೆ ನಿಗುರುತ್ತೆ, ಕುರಿಯದು ಜೋತುಬೀಳುತ್ತೆ ಅಂತಾನೆ. ದನ ಏಳುವಾಗ ಮೊದಲು ಹಿಂಗಾಲು ಎತ್ತುತ್ತೆ, ಕತ್ತೆ ಮೊದಲು ಮುಂಗಾಲು ಊರುತ್ತೆ ಅಂತಾನೆ. ಎಮ್ಮೆಯ ಕೊಂಬು ಹಿಂದಕ್ಕೆ ಬಾಗುತ್ತೆ, ಅಮೃತಮಹಲ್ ಹೋರಿಯ ಕೊಂಬು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ ನೀಳವಾಗಿ ಚೂಪಾಗುತ್ತೆ ಎಂಬುದೂ ಅವನಿಗೆ ಗೊತ್ತು. ಇಷ್ಟು ಬಲ್ಲ ಹುಡುಗ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಸೊನ್ನೆಗೆ ನಾಲ್ಕು ಕಡ್ಡಿ ಚುಚ್ಚಿ 'ಕುರಿ ಸಾರ್' ಅಂತಾನೆ. ಕೈ ಬರದೆ ಅಲ್ಲ. ನಿನ್ನ ಕಣ್ಣನ್ನು ನಂಬಬೇಡ, ಬೋರ್ಡನ್ನು ನಂಬು ಎಂಬ ಪಾಠ ಅವನಿಗೆ ಆಗಲೇ ಆಗಿಹೋಗಿದೆ.

ಇದನ್ನು ಸರಿಯಾಗಿ ಕಂಡವನು ವಿಕ್ಟರ್ ಲೊವೆನ್‌ಫೆಲ್ಡ್. ಯಹೂದಿಯಾದ ಆತ ನಾಜಿಗಳ ಕಾಲದಲ್ಲಿ ಆಸ್ಟ್ರಿಯಾ ಬಿಟ್ಟು ಅಮೆರಿಕ ಸೇರಿ, ಕರಿಯರ ಮಕ್ಕಳು ಓದುತ್ತಿದ್ದ ಹ್ಯಾಂಪ್ಟನ್ ಸಂಸ್ಥೆಯಲ್ಲಿ ಕಲೆ ಕಲಿಸಿದ. ನೋಡಿ ನಕಲು ಮಾಡಿಸುವುದು, ಬಣ್ಣ ತುಂಬುವ ಪುಸ್ತಕ ಕೊಡುವುದು ಮಗುವಿಗೆ ತನ್ನ ಮೇಲಿರುವ ಭರವಸೆಯನ್ನೇ ಕೀಳುತ್ತದೆ ಎಂಬುದು 1947ರ ಅವನ ಪುಸ್ತಕದ ವಾದ. ಅವಮಾನ ಉಂಡವರ ನಡುವೆ ಪಾಠ ಹೇಳಿದವನ ಮಾತು ಇದು. ನಮಗೆ ದೂರದ್ದಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಎಂಬ ಕಲಾವಿದ ಸುಮಾರು ಹದಿನೆಂಟು ತಿಂಗಳು ಹಳ್ಳಿಮನೆಯೊಂದರಲ್ಲಿ ಕೂತು ಸತ್ತ ಕುದುರೆಗಳ ಚರ್ಮ ಸುಲಿದು, ಸ್ನಾಯು ಬಿಡಿಸಿ, ಮೂಳೆ ನೋಡಿ ಚಿತ್ರ ಬರೆದ. 1766ರಲ್ಲಿ ಅದು ಪುಸ್ತಕವಾಯಿತು. ಅವನಪ್ಪ ಲಿವರ್‌ಪೂಲಿನಲ್ಲಿ ಚರ್ಮ ಹದ ಮಾಡುವವನು. ಲೋಕ ಸ್ಟಬ್ಸ್‌ನನ್ನು ದೊಡ್ಡ ಕಲಾವಿದ ಎಂದಿತು. ನಮ್ಮ ತಾತಂದಿರೂ ಸತ್ತ ಎತ್ತನ್ನು ಹೊತ್ತು ಸುಲಿದರು. ಹಿಂಗಾಲಿನಲ್ಲಿ ಹಿಂದಕ್ಕೆ ಮುರಿದಂತೆ ಕಾಣುವುದು ಮಂಡಿಯಲ್ಲ, ಹಿಮ್ಮಡಿಯ ಕೀಲು. ಮಂಡಿ ಇರುವುದು ಮೇಲೆ, ಹೊಟ್ಟೆಯ ಹತ್ತಿರ. ಇದನ್ನು ಅವರ ಕೈ ಬಲ್ಲದು. ಆದರೆ ಅವರಿಗೆ ಸಿಕ್ಕಿದ್ದು ಊರಾಚೆಯ ಕೇರಿ. ಆ ಕೆಲಸ ವಾಪಸು ಬರಲಿ ಅಂತ ನಾವು ಹೇಳುತ್ತಿಲ್ಲ. ಅದನ್ನು ಬಿಡಿ ಎಂದು ಬಾಬಾಸಾಹೇಬರು ಹೇಳಿದ್ದೇ ಸರಿ. ಆದರೆ ಆ ತಿಳಿವಳಿಕೆ ಮೈಲಿಗೆಯಲ್ಲ, ವಿದ್ಯೆ. ಅದನ್ನು ವಿದ್ಯೆ ಎಂದೇ ತರಗತಿಗೆ ತರಬೇಕು.

ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಿಂದ ಹೋದ ಚಿತ್ರಕಾರ ಪಿ. ಆರ್. ತಿಪ್ಪೇಸ್ವಾಮಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ದುಡಿದರು. ದೊಡ್ಡ ಕೆಲಸ ಅದು. ಹೀಗೆ ಮ್ಯೂಜಿಯಮ್ಮಿಗೆ ಹಳ್ಳಿ ಹೋಯಿತು, ಹಳ್ಳಿ ಶಾಲೆಗೆ ಮಾತ್ರ ಹಳ್ಳಿ ಇನ್ನೂ ಬಂದಿಲ್ಲ.

ಓದು ಬರಹಕ್ಕೇ ಗತಿ ಇಲ್ಲದಾಗ ಚಿತ್ರದ ಮಾತೇಕೆ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಕಂಡದ್ದನ್ನು ಕಂಡ ಹಾಗೆ ಹೇಳಲು ಹೆದರುವ ಮಗು ಅಕ್ಷರ ಕಲಿತರೂ ಇನ್ನೊಬ್ಬರ ಮಾತನ್ನೇ ಬರೆಯುತ್ತದೆ ಎಂಬುದು ನಮ್ಮ ಉತ್ತರ.

ಮೇಷ್ಟ್ರೇ, ವಾರಕ್ಕೊಂದು ದಿನ ಬೋರ್ಡು ಒರೆಸಿಡಿ. ಮಕ್ಕಳನ್ನು ಕೆರೆ ಏರಿಗೆ, ಕೊಟ್ಟಿಗೆಗೆ ಕರಕೊಂಡು ಹೋಗಿ. ಎತ್ತು ಹೇಗೆ ಮಲಗುತ್ತೆ, ಹೇಗೆ ಏಳುತ್ತೆ ಅಂತ ಕೇಳಿ. ಉತ್ತರ ಇದ್ದಿಲಿನಲ್ಲಿ ಬರಲಿ. ಗಬ್ಬದ ಎಮ್ಮೆಯ ಹೊಟ್ಟೆಯೊಳಗೆ ಕರು ಕಾಣುವ ಹಾಗೆ ಬರೆದರೆ ತಪ್ಪು ಅನ್ನಬೇಡಿ. ಆ ವಯಸ್ಸಿನ ಮಕ್ಕಳು ಎಷ್ಟೋ ದೇಶಗಳಲ್ಲಿ ಹಾಗೆ ಬರೆಯುತ್ತಾರೆ, ತಮಗೆ ಗೊತ್ತಿರುವುದನ್ನೆಲ್ಲ ಬರೆಯುತ್ತಾರೆ. ಕರಿ ಹಂದಿಯ ಚಿತ್ರ ಬಂದರೆ ಗೋಡೆಗೆ ಅಂಟಿಸಿ, ನವಿಲಿನ ಪಕ್ಕದಲ್ಲೇ. ಇದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.