ಸಮುದ್ರವರ್ಣನೆಯೂ ಸಮುದ್ರತೀರವೂ

ಹಳೇಬೀಡಿಗೆ ಪೂರ್ವದಲ್ಲಿ ದೋರಸಮುದ್ರವೆಂಬ ಹೆಸರಿದ್ದುದು ಸರ್ವವಿದಿತವಾಗಿದೆ. ಬೇಲೂರಿನ ಕೆರೆಗೆ ವಿಷ್ಣುಸಮುದ್ರವೆಂದು ಹೆಸರು. ಅರಸೀಕೆರೆಯಾದರೋ ತನ್ನ ಕೆರೆಯನ್ನು ಊರಿನ ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ನಿಜವಾದ ಸಮುದ್ರವು ಈ ಮೂರು ಊರುಗಳಿಗೂ ದೂರವಾಗಿ, ಘಟ್ಟಗಳ ಆಚೆಗಿದ್ದರೂ, ಏರಿಯ ಮೇಲೆ ನಿಂತು ನೀರಿನ ವಿಸ್ತಾರವನ್ನು ಕಂಡ ಜನರು ಅದನ್ನು ಸಮುದ್ರವೆಂದೇ ಕರೆದರು. ಇದರಲ್ಲಿ ಅತಿಶಯೋಕ್ತಿಯುಂಟು; ವಂಚನೆಯಿಲ್ಲ. ಒಳನಾಡಿನವರಿಗೆ ಸಮುದ್ರವೆಂಬುದು ಕಣ್ಣಿಗೆ ಬಿದ್ದ ವಸ್ತುವಾಗುವುದಕ್ಕೆ ಮೊದಲು ಹಿರಿಮೆಯನ್ನು ಅಳೆಯತಕ್ಕ ಒಂದು ಮಾತಾಗಿದ್ದಿತೆಂಬುದನ್ನು ಈ ಹೆಸರುಗಳು ತಿಳಿಸುತ್ತವೆ.

ಪ್ರಾಚೀನ ಕಾವ್ಯದಲ್ಲಿಯೂ ಹೆಚ್ಚುಕಡಿಮೆ ಇದೇ ಸ್ಥಿತಿ. ದಂಡಿಯು ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ವರ್ಣಿಸತಕ್ಕ ವಸ್ತುಗಳಲ್ಲಿ ನಗರದ ಬೆನ್ನಿಗೇ ಸಮುದ್ರವನ್ನು ಎಣಿಸಿದನು. ಕನ್ನಡದ ಚಂಪೂಕವಿಗಳಿಗೆ ಅಷ್ಟಾದಶವರ್ಣನೆಗಳು ಸಲ್ಲಿಸಲೇಬೇಕಾದ ಕಪ್ಪದಂತಾದುವು. 1230ರಲ್ಲಿ ಅನಂತನಾಥಪುರಾಣವನ್ನು ರಚಿಸಿದ ಜನ್ನನಿಗೆ ಆಶ್ರಯವಾಗಿದ್ದ ಹೊಯ್ಸಳರ ಆಸ್ಥಾನವು ಘಟ್ಟದ ಮೇಲಿನದು. ಅಂತಹ ರಾಜಧಾನಿಗಳಲ್ಲಿ ಕುಳಿತ ಕವಿಗಳು ಸಮುದ್ರವನ್ನು ವರ್ಣಿಸಬೇಕಾದಾಗ ಶಾಸ್ತ್ರವೂ ಪುರಾಣವೂ ಅವರ ನೆರವಿಗೆ ಬರುತ್ತಿದ್ದುವು. ಚಂದ್ರೋದಯಕ್ಕೆ ಉಬ್ಬುವುದು, ಒಡಲಲ್ಲಿ ಬಡಬಾನಲವನ್ನು ಇಟ್ಟುಕೊಂಡಿರುವುದು, ರತ್ನಗಳಿಗೆ ಆಕರವಾಗಿರುವುದು, ನದಿಗಳಿಗೆ ಪತಿಯಾಗಿರುವುದು, ಮಂದರದಿಂದ ಕಡೆಯಲ್ಪಟ್ಟದ್ದು: ಇವು ಕವಿಸಮಯಕ್ಕೆ ಸೇರಿದ ಸಾಮಗ್ರಿಗಳು. ಸಮರ್ಥನಾದ ಕವಿಯ ಕೈಯಲ್ಲಿ ಇವು ಗಂಭೀರವಾಗಿಯೇ ಮೊಳಗುತ್ತವೆ. ಆದರೆ ಆ ಸಮುದ್ರಕ್ಕೆ ಸಾಮಾನ್ಯವಾಗಿ ದಡವಿಲ್ಲ. ದಡವಿದ್ದರೆ ಅಲ್ಲಿ ಊರಿಲ್ಲ. ಊರಿದ್ದರೆ ಬಲೆಯನ್ನು ಒಣಹಾಕುವ ಮನುಷ್ಯನಿಲ್ಲ.

ಇದನ್ನು ಪ್ರಾಚೀನರ ದೋಷವೆಂದು ಎಣಿಸುವುದು ನ್ಯಾಯವಲ್ಲ. ಅವರು ಸಮುದ್ರತೀರಕ್ಕೆ ಯಾರನ್ನೂ ಆಹ್ವಾನಿಸಲಿಲ್ಲ. ಈಗಿನ ಸ್ಥಿತಿ ಬೇರೆ. ಹಾಸನ ಮಂಗಳೂರುಗಳ ನಡುವೆ 1979ರಲ್ಲಿ ರೈಲುಮಾರ್ಗವು ಪೂರ್ಣವಾಯಿತು. 1998ರಲ್ಲಿ ಕೊಂಕಣ ರೈಲ್ವೆಯು ಕರಾವಳಿಯ ಉದ್ದಕ್ಕೂ ತೆರೆಯಿತು. ಅರಸೀಕೆರೆಯ ಒಂದು ಕುಟುಂಬವು ರಜೆಯ ದಿನಗಳಲ್ಲಿ ಘಟ್ಟವಿಳಿದು, ಮಕ್ಕಳೊಡನೆ ಅಲೆಗಳ ಅಂಚಿನಲ್ಲಿ ನಿಲ್ಲುವುದು ಈಗ ದುರ್ಲಭವಾದ ಸಂಗತಿಯಲ್ಲ. ಇದಕ್ಕೆ ತಕ್ಕಂತೆ ಒಂದು ಬಗೆಯ ಗದ್ಯವೂ ಬೆಳೆದಿದೆ. ವೃತ್ತಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ, ವಸತಿಗೃಹಗಳ ಕೈಪತ್ರಗಳಲ್ಲಿ, ಪ್ರಯಾಣವನ್ನು ಪ್ರೋತ್ಸಾಹಿಸುವ ಪುಸ್ತಿಕೆಗಳಲ್ಲಿ ಕರಾವಳಿಯ ಹಳ್ಳಿಗಳನ್ನು ವಿಶ್ರಾಂತಿಗೆ ಯೋಗ್ಯವಾದ ಸ್ಥಳಗಳೆಂದು ವರ್ಣಿಸುವ ಬರೆಹಗಳಿಗೆ ಲೆಕ್ಕವಿಲ್ಲ. ಒಳನಾಡಿನ ವಾಚಕರು ಕಡಲನ್ನು ಕಾಣುವುದಕ್ಕೆ ಮೊದಲು ಇವನ್ನೇ ಓದುತ್ತಾರಾದಕಾರಣ, ಇವನ್ನು ಸಾಹಿತ್ಯದೃಷ್ಟಿಯಿಂದ ವಿಮರ್ಶಿಸುವುದು ಅನಾವಶ್ಯಕವೆನಿಸದು.

ಇಂತಹ ಗದ್ಯಕ್ಕೆ ಒಂದು ಸುಲಭವಾದ ಪರೀಕ್ಷೆಯುಂಟು. ಲೇಖನದಲ್ಲಿ ಬರುವ ಊರಿನ ಹೆಸರನ್ನು ಅಳಿಸಿ ಬೇರೊಂದು ಊರಿನ ಹೆಸರನ್ನು ಬರೆದು ನೋಡಬೇಕು. ಹೊಂಬಣ್ಣದ ಮರಳು, ತೂಗುವ ತೆಂಗು, ನೀಲಿಯ ನೀರು, ಮನಸ್ಸಿಗೆ ಮುದ ಕೊಡುವ ಸೂರ್ಯಾಸ್ತ, ಜನಸಂಪರ್ಕವಿಲ್ಲದ ಪ್ರಶಾಂತತೆ: ಇವಿಷ್ಟೇ ಇದ್ದ ಬರೆಹವು ಕಾಪುವಿಗೂ ಸಲ್ಲುತ್ತದೆ, ಮರವಂತೆಗೂ ಸಲ್ಲುತ್ತದೆ, ಹೊನ್ನಾವರದ ಕಾಸರಕೋಡಿಗೂ ಸಲ್ಲುತ್ತದೆ. ಎಲ್ಲಕ್ಕೂ ಸಲ್ಲುವುದು ಯಾವುದಕ್ಕೂ ಸಲ್ಲದು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವು ಬಂಡೆಯ ಮೇಲೆ ನಿಂತಿದೆ. ಅದು ವಿಹಾರಿಗಳಿಗಾಗಿ ಎದ್ದುದಲ್ಲ, ರಾತ್ರಿಯಲ್ಲಿ ಹಾಯುವ ಹಡಗುಗಳಿಗಾಗಿ ಎದ್ದುದು. ಮರವಂತೆಯಲ್ಲಿ ಸೌಪರ್ಣಿಕಾ ನದಿಯು ಸಮುದ್ರದ ಮಗ್ಗುಲಿಗೇ ಬಂದು, ನಡುವೆ ರಸ್ತೆಯ ಅಗಲದಷ್ಟು ನೆಲವನ್ನು ಬಿಟ್ಟು, ಸೇರದೆ ಹೊರಳಿಕೊಳ್ಳುತ್ತದೆ. ಕಾಸರಕೋಡು ಶರಾವತಿಯು ಕಡಲನ್ನು ಕೂಡುವೆಡೆಯ ಊರು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಅಲ್ಲಿ ಕಡಲನ್ನು ನೋಡುವುದಲ್ಲ, ಗದ್ದೆಗೆ ಹಾಯಿಸಿ, ಬಿಸಿಲಿಗೆ ಆರಿಸಿ, ಗುಡ್ಡೆಹಾಕುತ್ತಾರೆ. ನೆರೆಯ ಅಂಕೋಲೆಯಲ್ಲಿ 1930ರಲ್ಲಿ ಅದೇ ಉಪ್ಪಿಗಾಗಿ ಸತ್ಯಾಗ್ರಹವು ನಡೆಯಿತು. ಈ ವಿಶೇಷಗಳಲ್ಲಿ ಒಂದನ್ನಾದರೂ ಹೇಳಿದ ಲೇಖನದಲ್ಲಿ ಊರಿನ ಹೆಸರನ್ನು ಬದಲಾಯಿಸುವುದು ಸಾಧ್ಯವಾಗದು. ಆದುದರಿಂದ ಪ್ರಚಲಿತ ಪ್ರವಾಸಗದ್ಯವು ಹೊಸದೆಂದು ತೋರಿದರೂ ವಾಸ್ತವವಾಗಿ ಹಳೆಯ ಸಮುದ್ರವರ್ಣನೆಯೇ ಆಗಿದೆ. ಕವಿಸಮಯವು ಉಳಿದಿದೆ, ಕವಿಯು ಮಾತ್ರ ಹೋಗಿದ್ದಾನೆ.

ಕನ್ನಡದಲ್ಲಿ ಇದಕ್ಕಿಂತ ಉತ್ತಮವಾದ ಮಾದರಿಗಳಿಲ್ಲದಿದ್ದರೆ ಈ ಬರೆಹಗಾರರನ್ನು ಕ್ಷಮಿಸಬಹುದಾಗಿತ್ತು. ಮಾದರಿಗಳು ಹೇರಳವಾಗಿವೆ. ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ದಲ್ಲಿ ಕರಾವಳಿಯ ಗಾಳಿಯ ರಭಸವು ವಿಶೇಷಣಗಳಿಂದ ಬಂದುದಲ್ಲ, ಪದ್ಯದ ನಡಿಗೆಯಿಂದಲೇ ಬಂದುದು. ಸವಣೂರಿನಲ್ಲಿ ಹುಟ್ಟಿದ ವಿನಾಯಕರು ಒಳನಾಡಿನವರೇ; ಆದರೂ 1936ರಲ್ಲಿ ವಿದ್ಯಾರ್ಥಿಯಾಗಿ ಇಂಗ್ಲೆಂಡಿಗೆ ಹೋದಾಗ ಕಂಡ ಕಡಲನ್ನು ಹಳೆಯ ಛಂದಸ್ಸಿನ ಪಾತ್ರೆಯಲ್ಲಿ ತುಂಬದೆ, ‘ಸಮುದ್ರಗೀತೆಗಳು’ ಸಂಗ್ರಹದಲ್ಲಿ ಬಂಧವನ್ನು ಸಡಿಲಿಸಿ ನುಡಿಯನ್ನು ಹರಿಯಬಿಟ್ಟರು. ಕಂಡ ವಸ್ತುವು ಬರೆಯುವ ರೀತಿಯನ್ನೇ ಮಾರ್ಪಡಿಸಿದುದಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಅದು ಹಡಗಿನ ಮೇಲಿನಿಂದ ಕಂಡ ಸಮುದ್ರ. ದಡದ ಬಾಳುವೆಯು ಅದರಲ್ಲಿ ಮುಖ್ಯವಲ್ಲ.

ದಡವನ್ನು ಕಾಣಬೇಕಾದರೆ ಶಿವರಾಮ ಕಾರಂತರ ಬಳಿಗೆ ಹೋಗಬೇಕು. 1941ರಲ್ಲಿ ಪ್ರಕಟವಾದ ‘ಮರಳಿ ಮಣ್ಣಿಗೆ’ಯು ಕೋಟದ ಸಮೀಪದ, ಒಂದು ಕಡೆ ಕಡಲೂ ಇನ್ನೊಂದು ಕಡೆ ಹೊಳೆಯೂ ಇರುವ ನೆಲದ ಪಟ್ಟಿಯಲ್ಲಿ ಮೂರು ತಲೆಮಾರುಗಳ ಕಥೆಯನ್ನು ಹೇಳುತ್ತದೆ. ಅಲ್ಲಿ ಸಮುದ್ರವು ಮನೆಯ ಹತ್ತಿರವೇ ಮೊರೆಯುತ್ತಿದ್ದರೂ ಯಾರ ವಿನೋದಕ್ಕೂ ಒದಗಿದ ವಸ್ತುವಲ್ಲ. ಪಾರೋತಿ, ಸರಸೋತಿಯರು ಗದ್ದೆಯಲ್ಲಿಯೂ ಮನೆಯಲ್ಲಿಯೂ ದುಡಿಯುತ್ತಿರುವಾಗ ಅದರ ಸದ್ದು ದಿನದ ಸದ್ದುಗಳಲ್ಲಿ ಒಂದಾಗಿದೆ. ಅವರ ದುಡಿಮೆಯನ್ನು ಬಲ್ಲ ವಾಚಕನಿಗೆ, ಮೂರನೆಯ ತಲೆಮಾರಿನ ರಾಮನು ಪಟ್ಟಣಗಳನ್ನು ಕಂಡು ನೊಂದು ಅದೇ ಮಣ್ಣಿಗೆ ಮರಳುವಾಗ, ಕಡಲು ಕೊಡುವ ಸಮಾಧಾನದ ಬೆಲೆಯು ತಿಳಿಯುತ್ತದೆ. ಹನೇಹಳ್ಳಿಯ ಯಶವಂತ ಚಿತ್ತಾಲರೂ ಗೋಕರ್ಣದ ಜಯಂತ ಕಾಯ್ಕಿಣಿಯವರೂ ಮುಂಬಯಿಯ ಜೀವನವನ್ನು ಕಂಡವರು. ಇವರ ಕಥೆಗಳಿಂದ ಇನ್ನೊಂದು ಸತ್ಯವು ಹೊಳೆಯುತ್ತದೆ: ಪರಸ್ಥಳದವರು ವಿಶ್ರಾಂತಿಗಾಗಿ ಬರುವ ಹಳ್ಳಿಯು ಅಲ್ಲಿಯ ತರುಣರು ಜೀವನೋಪಾಯಕ್ಕಾಗಿ ಬಿಟ್ಟುಹೋಗುವ ಹಳ್ಳಿಯೂ ಆಗಿರುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯು ಏಳುವುದು ಸಹಜ. ವರ್ಷವೆಲ್ಲ ದುಡಿದು ನಾಲ್ಕು ದಿನದ ನೆಮ್ಮದಿಗಾಗಿ ಹೋಗುವವನ ತಲೆಯ ಮೇಲೆ ಕಾದಂಬರಿಯ ಕಷ್ಟಗಳನ್ನೂ ಚರಿತ್ರೆಯ ಇಸವಿಗಳನ್ನೂ ಹೇರುವುದೇಕೆ? ಮರಳಿನ ಮೇಲೆ ಸುಮ್ಮನೆ ಕುಳಿತುಕೊಳ್ಳುವುದಕ್ಕೆ ವಿದ್ವತ್ತು ಬೇಕೆ? ಆಕ್ಷೇಪಣೆಯು ತಿರಸ್ಕಾರಕ್ಕೆ ಯೋಗ್ಯವಲ್ಲ. ವಿಶ್ರಾಂತಿಯು ಮನುಷ್ಯನ ಹಕ್ಕು. ಆದರೆ ತಿಳಿವಳಿಕೆಯು ವಿಶ್ರಾಂತಿಗೆ ಶತ್ರುವೆಂಬ ಎಣಿಕೆಯು ಸರಿಯೇ ಎಂಬುದನ್ನು ಬೇಲೂರು ಹಳೇಬೀಡುಗಳ ನಿವಾಸಿಗಳು ಬೇರೆಯವರಿಗಿಂತ ಚೆನ್ನಾಗಿ ಹೇಳಬಲ್ಲರು. ಅವರ ಊರುಗಳೂ ಪರರ ವಿಹಾರಸ್ಥಾನಗಳೇ. 2023ರಲ್ಲಿ ಹೊಯ್ಸಳರ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಒಂದು ಗಂಟೆಯಲ್ಲಿ ಗುಡಿಯನ್ನು ಸುತ್ತಿ, ಕಲ್ಲಿನಲ್ಲಿ ಅರಳಿದ ಕಾವ್ಯವೆಂಬ ಸಿದ್ಧವಾಕ್ಯವನ್ನು ನುಡಿದು ಹೊರಟುಹೋಗುವ ಯಾತ್ರಿಕನನ್ನು ಆ ಊರಿನವರು ಬಲ್ಲರು. 1117ರ ಆ ಗುಡಿಯ ಮದನಿಕೆಗಳನ್ನು ಕೆತ್ತಿದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬರೆದಿಟ್ಟಿದ್ದಾರೆಂದು ತಿಳಿದ ಯಾತ್ರಿಕನು ಬೇರೆ. ಅವನು ಇನ್ನೊಂದು ಗಳಿಗೆ ನಿಲ್ಲುತ್ತಾನೆ. ತಂದೆಯ ಉಳಿಯಾವುದು, ಮಗನ ಉಳಿಯಾವುದೆಂದು ಕತ್ತೆತ್ತಿ ಹುಡುಕುತ್ತಾನೆ. ಅವನ ಸಂತೋಷವು ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಮರಳದಂಡೆಗೂ ಅದರ ದಾಸೋಜರಿದ್ದಾರೆ. ಕರಾವಳಿಯ ರಂಪಣಿಯು ಬಹು ಉದ್ದವಾದ ಬಲೆ. ದೋಣಿಯು ಅದನ್ನು ಅರ್ಧಚಂದ್ರಾಕಾರವಾಗಿ ನೀರಿನಲ್ಲಿ ಹಾಸಿ ಬಂದ ಬಳಿಕ, ಹತ್ತಾರು ಜನರು ದಡದಲ್ಲಿ ನಿಂತು ಎರಡು ತುದಿಗಳ ಹಗ್ಗಗಳನ್ನು ಎಳೆಯುತ್ತಿದ್ದರು. ಬಂದ ಬಂಗುಡೆ, ಬೂತಾಯಿಗಳಲ್ಲಿ ಪಾಲುಗಳಾಗುತ್ತಿದ್ದುವು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗಳು ಬಂದು, ಮೀನಿನ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿದುದರಿಂದ, ರಂಪಣಿಯು ಹಿಂದೆ ಸರಿಯಿತು. ಪುಸ್ತಿಕೆಯು ನಿರ್ಜನವೆಂದು ಹೊಗಳುವ ಎಷ್ಟೋ ದಂಡೆಗಳು ಹಿಂದೆ ನಿರ್ಜನವಾಗಿರಲಿಲ್ಲ. ಆ ಶೂನ್ಯತೆಗೆ ಒಂದು ಕಾರಣವುಂಟು. ಅದನ್ನು ಬರಿಯ ಪ್ರಕೃತಿಸೌಂದರ್ಯವೆಂದು ಬರೆಯುವ ಲೇಖಕನು ಸುಳ್ಳನ್ನು ಬರೆಯದಿದ್ದರೂ ನಿಜವನ್ನು ಮರೆಯಿಸುತ್ತಾನೆ.

ಈ ಮರೆವಿನಿಂದ ಯಾತ್ರಿಕನಿಗೂ ಹಾನಿಯಿದೆ. ಸದಾ ಪ್ರಶಾಂತವೆಂದು ಓದಿಕೊಂಡು ಮಳೆಗಾಲದಲ್ಲಿ ನೀರಿಗಿಳಿದವನು ಪ್ರಾಣಾಪಾಯಕ್ಕೆ ಒಳಗಾಗುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳು ಯಂತ್ರದ ದೋಣಿಗಳಿಗೆ ಮೀನುಗಾರಿಕೆಯು ನಿಷಿದ್ಧ. ಮೀನಿನ ಸಂತಾನವೃದ್ಧಿಗಾಗಿ ವಿಧಿಸಿದ ಈ ನಿಯಮವು ಕಡಲು ಕೆರಳುವ ಕಾಲದಲ್ಲಿಯೇ ಬರುತ್ತದೆ. ಉಳ್ಳಾಲ ಮರವಂತೆಗಳಲ್ಲಿ ಅಲೆಗಳು ನೆಲವನ್ನೇ ಕೊರೆಯುವುದರಿಂದ ಬಂಡೆಗಲ್ಲುಗಳ ತಡೆಗೋಡೆಗಳನ್ನು ಹಾಕಿದ್ದಾರೆ. ಪಡುಬಿದ್ರಿ, ಕಾಸರಕೋಡುಗಳ ದಂಡೆಗಳಿಗೆ 2020ರಲ್ಲಿ ಬ್ಲೂ ಫ್ಲಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆಯು ದೊರೆಯಿತು. ನೀರಿನ ಶುದ್ಧತೆ, ಸ್ನಾನಮಾಡುವವರ ರಕ್ಷಣೆ ಮೊದಲಾದುವನ್ನು ಪರೀಕ್ಷಿಸಿ ಕೊಡತಕ್ಕದ್ದಾದುದರಿಂದ ಅದು ಹತ್ತು ವಿಶೇಷಣಗಳಿಗಿಂತ ಪ್ರಯೋಜನಕರವಾದ ಸಮಾಚಾರ. ಆದರೆ ಅದನ್ನು ಹೇಳುವಾಗ ಅದೇ ದಡದಲ್ಲಿ ದೋಣಿಯನ್ನೆಳೆದು ಮೀನನ್ನು ಒಣಗಿಸುವವರಿಗೂ ಸ್ಥಳವಿರಬೇಕೆಂಬುದನ್ನು ಮರೆಯಬಾರದು.

ಘಟ್ಟವಿಳಿಯುವ ಕುಟುಂಬಗಳು ಬುತ್ತಿಯೊಡನೆ ‘ಮರಳಿ ಮಣ್ಣಿಗೆ’ಯ ಒಂದು ಪ್ರತಿಯನ್ನು ಒಯ್ಯುವುದು ಭಾರವಾಗದು. ಮರಳಿ ಬಂದು ಲೇಖನವನ್ನು ಬರೆಯುವವರು ಸೂರ್ಯಾಸ್ತವನ್ನು ಅದರ ಪಾಡಿಗೆ ಬಿಟ್ಟು, ಆ ಹೊತ್ತಿನಲ್ಲಿ ದಡದ ಮೇಲೆ ಯಾರಿದ್ದರು, ಏನು ಮಾಡುತ್ತಿದ್ದರು, ಅದಕ್ಕೆ ಆ ಊರಿನ ನುಡಿಯಲ್ಲಿ ಏನೆನ್ನುತ್ತಾರೆ ಎಂಬುದನ್ನು ಕೇಳಿ ತಿಳಿದು ಬರೆದರೆ ಸಾಕು. ದೋರಸಮುದ್ರದ ಏರಿಯನ್ನು ಕಟ್ಟಿದವರ ಶ್ರಮವನ್ನು ಗೌರವಿಸುವ ಜನರಿಗೆ ಅಂತಹ ಬರೆಹದ ರುಚಿಯು ಹತ್ತದಿರದು.